ಸೆಂಡೈ ವಿಮಾನ ನಿಲ್ದಾಣದ ಚರಿತ್ರೆಯೂ ಜೋಗಾನ್ ವೃತ್ತಾಂತದ ಪ್ರಾಮಾಣ್ಯವೂ

೧

ಜಪಾನಿನ ಹೊನ್‌ಶೂ ದ್ವೀಪದ ಈಶಾನ್ಯ ಭಾಗಕ್ಕೆ ತೋಹೊಕು ಎಂದು ಹೆಸರು. ಈ ಸೀಮೆಯ ಮುಖ್ಯ ಪಟ್ಟಣವಾದ ಸೆಂಡೈಗೆ ದಕ್ಷಿಣದಲ್ಲಿ ಸುಮಾರು ೧೪ ಕಿಲೋಮೀಟರ್ ದೂರದಲ್ಲಿ, ನತೋರಿ ಮತ್ತು ಇವನುಮಾ ಎಂಬ ಎರಡು ಊರುಗಳ ಎಲ್ಲೆಗಳನ್ನು ವ್ಯಾಪಿಸಿಕೊಂಡು ಸೆಂಡೈ ವಿಮಾನ ನಿಲ್ದಾಣವಿದೆ. ಟೋಕಿಯೋ, ಒಸಾಕಾ ನಗರಗಳ ನಿಲ್ದಾಣಗಳಂತೆ ಇದು ಜಗದ್ವಿಖ್ಯಾತವಾದುದಲ್ಲ. ಒಂದು ಸೀಮೆಯ ಜನರ ಸಂಚಾರಸೌಕರ್ಯಕ್ಕಾಗಿ ಬೆಳೆದುಬಂದ ಪ್ರಾದೇಶಿಕ ನಿಲ್ದಾಣ. ಆದರೂ ಇದರ ಚರಿತ್ರೆಯಲ್ಲಿ ಶಿಲ್ಪಶಾಸ್ತ್ರಜ್ಞರೂ ಸಾಹಿತ್ಯಾಭ್ಯಾಸಿಗಳೂ ಸಮಾನವಾಗಿ ವಿಚಾರಮಾಡತಕ್ಕ ವಿಷಯವೊಂದು ಅಡಗಿದೆ. ಈ ಸೀಮೆಯ ಕರಾವಳಿಯನ್ನು ಸಮುದ್ರವು ಒಮ್ಮೆ ಆಕ್ರಮಿಸಿತ್ತೆಂಬುದಕ್ಕೆ ಸಾವಿರ ವರ್ಷಗಳಿಗೂ ಹಿಂದಿನ ಲಿಖಿತ ಸಾಕ್ಷ್ಯವಿದ್ದಿತು. ಅದನ್ನು ಓದಿದ ವಿದ್ವಾಂಸರೂ ಇದ್ದರು. ಹಾಗಿದ್ದೂ ಆ ಸಾಕ್ಷ್ಯವು ನಿಲ್ದಾಣವನ್ನು ಕಟ್ಟಿದವರ ಎಣಿಕೆಗೆ ಸಕಾಲದಲ್ಲಿ ಸೇರಲಿಲ್ಲ. ಆ ಲಿಖಿತವು ಹೇಗೆ ಉಳಿದುಬಂದಿತು, ಹೇಗೆ ಓದಲ್ಪಟ್ಟಿತು, ಎಷ್ಟು ತಡವಾಗಿ ನಂಬಲ್ಪಟ್ಟಿತು ಎಂಬುದನ್ನು ನಿಲ್ದಾಣದ ಚರಿತ್ರೆಯೊಡನೆ ಕೂಡಿಸಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ಉತ್ತರದಲ್ಲಿ ನತೋರಿ ನದಿಯೂ ದಕ್ಷಿಣದಲ್ಲಿ ಅಬುಕುಮಾ ನದಿಯೂ ಪೆಸಿಫಿಕ್ ಮಹಾಸಾಗರವನ್ನು ಸೇರುತ್ತವೆ. ಇವೆರಡರ ನಡುವಣ ಭೂಮಿಯು ನದಿಗಳು ತಂದ ಮೆಕ್ಕಲಿನಿಂದಾದ ಬತ್ತದ ಬಯಲು. ನಿಲ್ದಾಣದ ನೆಲವು ಸಮುದ್ರಮಟ್ಟದಿಂದ ಸುಮಾರು ೨ ಮೀಟರ್ ಮಾತ್ರ ಎತ್ತರವಾಗಿದೆ. ಕಡಲ ತೀರವು ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಇವನುಮಾ ಎಂಬ ಹೆಸರನ್ನು ಬರೆಯುವ ಎರಡು ಅಕ್ಷರಗಳಿಗೆ ಬಂಡೆ ಎಂದೂ ಜೌಗು ಎಂದೂ ಅರ್ಥ. ನಿಲ್ದಾಣಕ್ಕೆ ಮೊದಲು ಹೆಸರು ಕೊಟ್ಟ ಮಸುದಾ ಎಂಬ ಊರಿನ ಅಕ್ಷರಗಳಿಗೆ ಹೆಚ್ಚುವ ಗದ್ದೆ ಎಂದರ್ಥ. ನೆಲದ ಗುಣವು ಸ್ಥಳನಾಮಗಳಲ್ಲಿಯೇ ಸೂಚಿತವಾಗಿದೆಯೆಂದು ಹೇಳಬಹುದು.

ಸೆಂಡೈ ಎಂಬ ಹೆಸರಿನ ಚರಿತ್ರೆಯೂ ಗಮನಾರ್ಹವಾದುದು. ಹಿಂದೆ ಇದನ್ನು ‘ಸಾವಿರ ತಲೆಮಾರು’ ಎಂಬ ಅರ್ಥದ ಅಕ್ಷರಗಳಿಂದ ಬರೆಯುತ್ತಿದ್ದರು. ಕ್ರಿ. ಶ. ೧೬೦೦ರ ಸುಮಾರಿನಲ್ಲಿ ಈ ಸೀಮೆಯ ಒಡೆಯನಾದ ದಾತೆ ಮಸಮುನೆಯು ಇಲ್ಲಿ ಕೋಟೆಯನ್ನು ಕಟ್ಟಿಸತೊಡಗಿದಾಗ, ಉಚ್ಚಾರಣೆಯನ್ನು ಹಾಗೆಯೇ ಇಟ್ಟುಕೊಂಡು, ‘ಸಿದ್ಧಪುರುಷರ ಜಗತಿ’ ಎಂಬ ಅರ್ಥದ ಅಕ್ಷರಗಳನ್ನು ಬಳಕೆಗೆ ತಂದನು. ಅದೇ ಕಾಲದಲ್ಲಿ ಅಬುಕುಮಾ ನದಿಯಿಂದ ನತೋರಿ ನದಿಯವರೆಗೆ ತೀರಕ್ಕೆ ಸಮಾನಾಂತರವಾಗಿ ಮರದ ದಿಮ್ಮಿಗಳನ್ನು ಸಾಗಿಸಲು ಕಾಲುವೆಯೊಂದು ತೋಡಲ್ಪಟ್ಟಿತು. ಇದರ ಮುಂದುವರಿದ ಭಾಗಗಳೂ ಸೇರಿದ ಕಾಲುವೆಗೆ ಮಸಮುನೆಯ ಮರಣೋತ್ತರ ನಾಮದಿಂದ ತೇಯ್‌ಜಾನ್ ಕಾಲುವೆಯೆಂದು ಹೆಸರು ಬಂದಿದೆ. ಅದು ಇಂದಿಗೂ ನಿಲ್ದಾಣಕ್ಕೂ ಸಮುದ್ರಕ್ಕೂ ನಡುವೆ ಹರಿಯುತ್ತದೆ. ೧೬೮೯ರಲ್ಲಿ ಯಾತ್ರೆ ಹೊರಟ ಕವಿ ಬಾಶೋ ಇವನುಮಾದಲ್ಲಿರುವ ತಕೆಕುಮಾ ಎಂಬ ಪ್ರಸಿದ್ಧ ಪೈನ್ ಮರವನ್ನು ದರ್ಶಿಸಿ ಸೆಂಡೈಗೆ ಹೋದನು. ಇದರಿಂದ ಈ ಬಯಲು ಸಾಹಿತ್ಯಕ್ಕೆ ಅಪರಿಚಿತವಾದ ಭೂಮಿಯಲ್ಲವೆಂಬುದು ವಿದಿತವಾಗುತ್ತದೆ.

೩

ಜಪಾನಿನ ಪ್ರಾಚೀನ ರಾಜ್ಯದ ಆಜ್ಞೆಯಿಂದ ರಚಿತವಾದ ಆರು ರಾಷ್ಟ್ರೀಯ ಚರಿತ್ರೆಗಳಲ್ಲಿ ಕಡೆಯದು ‘ನಿಹೊನ್ ಸಂದಾಯ್ ಜಿತ್ಸುರೊಕು’. ಮೂವರು ಚಕ್ರವರ್ತಿಗಳ ಕಾಲವನ್ನು, ಎಂದರೆ ಕ್ರಿ. ಶ. ೮೫೮ರಿಂದ ೮೮೭ರವರೆಗಿನ ಸಂಗತಿಗಳನ್ನು, ೫೦ ಸಂಪುಟಗಳಲ್ಲಿ ದಿನಕ್ರಮವಾಗಿ ನಿರೂಪಿಸುವ ಈ ಗ್ರಂಥವು ೯೦೧ರಲ್ಲಿ ಮುಕ್ತಾಯವಾಯಿತು. ಇದರ ಭಾಷೆ ಜಪಾನಿನ ವಿದ್ವಾಂಸರು ಬಳಸುತ್ತಿದ್ದ ಶಾಸ್ತ್ರೀಯ ಚೀನೀ ಭಾಷೆ.

ಜೋಗಾನ್ ಎಂಬ ಶಕದ ೧೧ನೆಯ ವರ್ಷದಲ್ಲಿ, ಎಂದರೆ ೮೬೯ರ ಜುಲೈ ತಿಂಗಳಿನಲ್ಲಿ, ಮುತ್ಸು ಪ್ರಾಂತದಲ್ಲಿ ಮಹಾಭೂಕಂಪವಾದ ವಿಷಯವು ಇದರಲ್ಲಿ ಉಕ್ತವಾಗಿದೆ. ಇಂದಿನ ಸೆಂಡೈ ಸೀಮೆಯು ಆ ಪ್ರಾಂತಕ್ಕೆ ಸೇರಿತ್ತು. ರಾತ್ರಿಯಲ್ಲಿ ಹಗಲಿನಂತಹ ಬೆಳಕು ತೋರಿದುದು, ಜನರು ನಿಲ್ಲಲಾರದೆ ಬಿದ್ದುದು, ಕೋಟೆಯ ಬಾಗಿಲು ಗೋಡೆಗಳು ಉರುಳಿದುದು, ಬಳಿಕ ಗುಡುಗಿನಂತಹ ಶಬ್ದದೊಡನೆ ಕಡಲು ಉಕ್ಕಿ ಕೋಟೆಯ ಪಟ್ಟಣದವರೆಗೆ ಬಂದುದು, ನೆಲವಾವುದು ನೀರಾವುದು ಎಂಬ ಭೇದವೇ ಅಳಿದುಹೋದುದು, ಸುಮಾರು ಸಾವಿರ ಮಂದಿ ಮುಳುಗಿ ಸತ್ತುದು ಇವೆಲ್ಲವೂ ಅಲ್ಲಿ ಕೆಲವೇ ಪಂಕ್ತಿಗಳಲ್ಲಿ ನಿರೂಪಿತವಾಗಿವೆ. ಇಲ್ಲಿ ಹೇಳಿರುವ ಕೋಟೆಯು ಸೆಂಡೈಗೆ ಈಶಾನ್ಯದಲ್ಲಿರುವ ತಗಾಜೋ ಎಂಬ ರಾಜಧಾನಿಯೆಂದು ಬಹುಮಂದಿ ವಿದ್ವಾಂಸರು ನಿರ್ಣಯಿಸಿದ್ದಾರೆ.

ಇದೇ ತಗಾಜೋವಿನಲ್ಲಿ ‘ಸುಯೆನೊ ಮತ್ಸುಯಾಮಾ’ ಎಂಬ ಪೈನ್ ಮರಗಳ ದಿಬ್ಬವೊಂದಿದೆ. ೯೦೫ರಲ್ಲಿ ಚಕ್ರವರ್ತಿಯ ಆಜ್ಞೆಗೆ ಒಳಪಟ್ಟು ಸಂಕಲಿತವಾದ ‘ಕೊಕಿನ್‌ಶೂ’ ಎಂಬ ಪದ್ಯಸಂಗ್ರಹದಲ್ಲಿ ಈ ದಿಬ್ಬದ ಹೆಸರು ಬರುತ್ತದೆ. ಅಲೆಗಳು ಆ ದಿಬ್ಬವನ್ನು ದಾಟುವುದು ಎಂದಿಗೂ ಆಗದ ಮಾತೆಂಬ ಭಾವವನ್ನು ಪ್ರಣಯದ ಆಣೆಗೆ ಆಧಾರವಾಗಿಟ್ಟುಕೊಳ್ಳುವುದು ಅಂದಿನಿಂದ ಆ ದೇಶದ ಕವಿಗಳ ಸಂಪ್ರದಾಯವಾಯಿತು. ಅಸಂಭಾವ್ಯವಾದುದನ್ನು ‘ಹೀಗಾದರೆ’ ಎಂದು ಕಲ್ಪಿಸಿ ಹೇಳುವುದನ್ನು ನಮ್ಮ ಆಲಂಕಾರಿಕರು ಅತಿಶಯೋಕ್ತಿಯ ಒಂದು ಪ್ರಭೇದವೆಂದು ಎಣಿಸುತ್ತಾರೆ. ಜಪಾನಿನ ಓದುಗರೂ ಈ ಪ್ರಯೋಗವನ್ನು ಬಹುಕಾಲ ಹಾಗೆಯೇ ಗ್ರಹಿಸಿದರು. ಆದರೆ ಸಮುದ್ರದಿಂದ ದೂರವಿರುವ ದಿಬ್ಬವೊಂದಕ್ಕೆ ಅಲೆಗಳ ಸಂಬಂಧವೇ ಏಕೆ ಬಂದಿತೆಂಬ ಪ್ರಶ್ನೆ ಉಳಿಯುತ್ತದೆ. ೮೬೯ರ ಉಕ್ಕಿನಲ್ಲಿ ಸುತ್ತಲೂ ನೀರು ಬಂದು ದಿಬ್ಬ ಮಾತ್ರ ಉಳಿದುದರ ನೆನಪೇ ಈ ಕವಿಸಮಯದ ಮೂಲವಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಾದ ಪಕ್ಷದಲ್ಲಿ, ಅತಿಶಯೋಕ್ತಿಯೆಂದು ಎಣಿಸಿದುದು ಸ್ವಭಾವೋಕ್ತಿಗೆ ಸಮೀಪವಾದುದೆಂದಾಗುತ್ತದೆ.

೧೬೧೧ರ ಡಿಸೆಂಬರಿನಲ್ಲಿ ಮಸಮುನೆಯ ಆಳ್ವಿಕೆಯಲ್ಲಿಯೇ ಮತ್ತೊಮ್ಮೆ ಸಮುದ್ರವು ಉಕ್ಕಿ ಬಹಳ ಜನರನ್ನು ಬಲಿತೆಗೆದುಕೊಂಡಿತು. ಸೆಂಡೈ ಪಟ್ಟಣದ ಪೂರ್ವಕ್ಕೆ, ತೀರದಿಂದ ಸುಮಾರು ೫ ಕಿಲೋಮೀಟರ್ ಒಳಗೆ, ನಮಿವಾಕೆ ಎಂಬ ಚಿಕ್ಕ ದೇಗುಲವಿದೆ. ಈ ಹೆಸರಿಗೆ ‘ಅಲೆಗಳನ್ನು ಬೇರ್ಪಡಿಸಿದ್ದು’ ಎಂದರ್ಥ. ಉಕ್ಕಿ ಬಂದ ನೀರು ಅಲ್ಲಿ ಇಬ್ಭಾಗವಾಗಿ ಸರಿದುಹೋಯಿತೆಂಬುದು ಸ್ಥಳೀಯರ ಐತಿಹ್ಯ. ಹೀಗೆ ಚರಿತ್ರೆ, ಕಾವ್ಯ, ಸ್ಥಳನಾಮ ಎಂಬ ಮೂರು ಬಗೆಯ ಶಬ್ದಪ್ರಮಾಣಗಳು ಒಂದೇ ಅರ್ಥವನ್ನು ಸೂಚಿಸುತ್ತಿದ್ದುವು.

೪

ಇನ್ನು ನಿಲ್ದಾಣದ ಚರಿತ್ರೆಗೆ ಬರಬಹುದು. ೧೯೪೦ರಲ್ಲಿ ಜಪಾನಿನ ಭೂಸೇನೆಯು ಕುಮಾಗಾಯಾ ವಿಮಾನಶಾಲೆಯ ಮಸುದಾ ಶಾಖೆಗಾಗಿ ಈ ಬಯಲಿನಲ್ಲಿ ಶಿಕ್ಷಣದ ಮೈದಾನವನ್ನು ನಿರ್ಮಿಸಿತು. ವಿಮಾನಗಳಿಗೆ ವಿಸ್ತಾರವಾದ ಸಮತಲವೂ ಅಡೆತಡೆಯಿಲ್ಲದ ಆಕಾಶವೂ ಬೇಕು. ಕರಾವಳಿಯ ಗದ್ದೆಬಯಲು ಈ ಎರಡನ್ನೂ ಒದಗಿಸುತ್ತದೆ. ಯಾವ ಗುಣದಿಂದ ಈ ನೆಲವು ವಿಮಾನಗಳಿಗೆ ಯೋಗ್ಯವಾಯಿತೋ ಅದೇ ಗುಣದಿಂದ ಅಲೆಗಳಿಗೂ ಸುಲಭವಾದ ದಾರಿಯಾಯಿತೆಂಬುದನ್ನು ಇಲ್ಲಿ ಲಕ್ಷಿಸಬೇಕು.

೧೯೪೫ರಲ್ಲಿ ಯುದ್ಧವು ಮುಗಿದ ತರುವಾಯ ಮೈದಾನವು ಅಮೆರಿಕದ ಸೇನೆಯ ವಶವಾಯಿತು. ಮತ್ತೆ ಜಪಾನೀಯರ ಕೈಸೇರಿದ ಮೇಲೆ ೧೯೫೭ರಲ್ಲಿ ಇಲ್ಲಿಂದ ನಾಗರಿಕ ವಿಮಾನಗಳ ಸಂಚಾರವು ಆರಂಭವಾಯಿತು. ೧೯೬೪ರಲ್ಲಿ ಸರ್ಕಾರವು ಇದನ್ನು ಎರಡನೆಯ ದರ್ಜೆಯ ನಿಲ್ದಾಣವೆಂದು ಗೊತ್ತುಮಾಡಿ ಸೆಂಡೈ ವಿಮಾನ ನಿಲ್ದಾಣವೆಂಬ ಹೆಸರನ್ನು ಕೊಟ್ಟಿತು. ವಿಮಾನಗಳು ಓಡಿ ಮೇಲೇರುವ ಹಾದಿ, ಎಂದರೆ ರನ್‌ವೇ, ಇಲ್ಲಿ ಎರಡಿವೆ. ಹಳೆಯದು ೧,೨೦೦ ಮೀಟರ್ ಉದ್ದವುಳ್ಳದ್ದು. ೧೯೭೨ರಲ್ಲಿ ೨,೦೦೦ ಮೀಟರ್ ಉದ್ದದ ಹೊಸ ಹಾದಿಯು ಸಿದ್ಧವಾಯಿತು. ಅದನ್ನು ಕ್ರಮವಾಗಿ ಬೆಳೆಸಿ ೧೯೯೮ರ ವೇಳೆಗೆ ೩,೦೦೦ ಮೀಟರುಗಳಿಗೆ ಮುಟ್ಟಿಸಲಾಯಿತು. ಇದು ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿ ಚಾಚಿಕೊಂಡಿದ್ದು, ಇದರ ಪೂರ್ವದ ತುದಿ ಸಮುದ್ರದ ಕಡೆಗೆ ಇದೆ.

ನಿಲ್ದಾಣದ ಬೆಳವಣಿಗೆಯು ರೈಲಿನ ಚರಿತ್ರೆಗೆ ಹೊಂದಿಕೊಂಡೇ ನಡೆಯಿತು. ೧೯೮೨ರಲ್ಲಿ ತೋಹೊಕು ಸೀಮೆಗೆ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲು ಬಂದಮೇಲೆ ಟೋಕಿಯೋ ಸೆಂಡೈಗಳ ನಡುವೆ ವಿಮಾನದ ಅಗತ್ಯವು ಕ್ರಮೇಣ ಇಲ್ಲದಂತಾಯಿತು. ಆದಕಾರಣ ನಿಲ್ದಾಣವು ಸಪ್ಪೊರೊ, ಒಸಾಕಾ, ಫುಕುವೊಕಾ ಮೊದಲಾದ ದೂರದ ಪಟ್ಟಣಗಳ ಸಂಚಾರಕ್ಕೂ ಹೊರದೇಶಗಳ ಸಂಚಾರಕ್ಕೂ ತಿರುಗಿತು. ೧೯೯೦ರಲ್ಲಿ ಕೊರಿಯದ ಸಿಯೋಲ್ ನಗರಕ್ಕೆ ನಿಯತವಾದ ವಿಮಾನಗಳು ಹೊರಟುವು. ೧೯೯೭ರಲ್ಲಿ ಪ್ರಯಾಣಿಕರಿಗಾಗಿ ಎತ್ತರವಾದ ಹೊಸ ಕಟ್ಟಡವು ತೆರೆಯಲ್ಪಟ್ಟಿತು. ೨೦೦೭ರ ಮಾರ್ಚ್ ೧೮ರಂದು ನತೋರಿಯಿಂದ ನಿಲ್ದಾಣದವರೆಗೆ ೭.೧ ಕಿಲೋಮೀಟರ್ ಉದ್ದದ ರೈಲುದಾರಿಯು ಆರಂಭವಾಯಿತು. ಇದರ ಒಂದು ಭಾಗವು ರನ್‌ವೇಯ ಕೆಳಗೆ ಸುರಂಗದಲ್ಲಿ ಹಾದುಹೋಗುತ್ತದೆ.

೫

ಭೂಸೇನೆಯು ಮೈದಾನವನ್ನು ನಿರ್ಮಿಸುವುದಕ್ಕೆ ೩೪ ವರ್ಷ ಮೊದಲೇ, ೧೯೦೬ರಲ್ಲಿ, ಯೊಷಿದಾ ತೋಗೊ ಎಂಬ ವಿದ್ವಾಂಸರು ಜೋಗಾನ್ ವೃತ್ತಾಂತವನ್ನು ವಿಮರ್ಶಿಸಿ ಐತಿಹಾಸಿಕ ಭೂಗೋಳದ ಪತ್ರಿಕೆಯೊಂದರಲ್ಲಿ ಲೇಖನವನ್ನು ಪ್ರಕಟಿಸಿದ್ದರು. ಇವರು ಕ್ರಮವಾದ ಉಚ್ಚಶಿಕ್ಷಣವನ್ನು ಪಡೆಯದೆ ಸ್ವಪ್ರಯತ್ನದಿಂದ ಪಾಂಡಿತ್ಯವನ್ನು ಸಂಪಾದಿಸಿದವರು. ಜಪಾನಿನ ಸ್ಥಳನಾಮಗಳ ಬೃಹತ್ಕೋಶವನ್ನು ರಚಿಸಿದವರು. ೧೯೦೯ರಲ್ಲಿ ನೋಹ್ ನಾಟಕದ ಆಚಾರ್ಯನಾದ ಜೆಯಾಮಿಯ ಶಾಸ್ತ್ರಗ್ರಂಥಗಳನ್ನು ಮೊದಲು ಬೆಳಕಿಗೆ ತಂದವರೂ ಇವರೇ. ನಾಟ್ಯಶಾಸ್ತ್ರದ ಹಸ್ತಪ್ರತಿಯನ್ನು ಓದಿದ ಕಣ್ಣೇ ಭೂಕಂಪದ ವೃತ್ತಾಂತವನ್ನೂ ಓದಿತೆಂಬುದು ಸಾಹಿತ್ಯದ ಉಪಾಧ್ಯಾಯರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಆದರೆ ಪಂಡಿತರ ಪತ್ರಿಕೆಯಲ್ಲಿ ಬಂದುದು ನೆಲವನ್ನು ಅಳೆಯುವವರ ಮೇಜಿಗೆ ತಾನಾಗಿಯೇ ಹೋಗಿ ತಲುಪುವುದಿಲ್ಲ.

ಶಬ್ದಪ್ರಮಾಣಕ್ಕೆ ಪ್ರತ್ಯಕ್ಷದ ಬೆಂಬಲವು ದೊರೆತುದು ಇಪ್ಪತ್ತನೆಯ ಶತಮಾನದ ಕಡೆಯಲ್ಲಿ. ತೋಹೊಕು ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಮಿನೌರಾ ಕೋಜಿಯವರೂ ಇತರರೂ ಸೆಂಡೈ ಬಯಲಿನ ಗದ್ದೆಗಳನ್ನು ಅಗೆದು ನೋಡಿದಾಗ, ಕಪ್ಪು ಕೆಸರಿನ ಪದರಗಳ ನಡುವೆ ಕಡಲ ಮರಳಿನ ತೆಳುವಾದ ಪದರವೊಂದು ತೀರದಿಂದ ಕೆಲವು ಕಿಲೋಮೀಟರ್ ಒಳಗಿನವರೆಗೂ ಹಬ್ಬಿರುವುದು ಕಂಡುಬಂದಿತು. ಅದರ ಮೇಲೆ ತೊವಾದಾ ಜ್ವಾಲಾಮುಖಿಯು ೯೧೫ರಲ್ಲಿ ಉಗುಳಿದ ಬೂದಿಯ ಪದರವಿದ್ದಿತು. ಬೂದಿಗಿಂತ ಕೆಳಗಿರುವ ಮರಳು ಬೂದಿಗಿಂತ ಹಳೆಯದಾಗಿರಲೇಬೇಕು. ಹೀಗೆ ಅನುಮಾನದಿಂದ ಮರಳಿನ ಕಾಲವು ೮೬೯ಕ್ಕೆ ಹೊಂದಿಕೊಂಡಿತು. ಇದರ ಕೆಳಗೆ ಇನ್ನೂ ಹಳೆಯ ಮರಳಿನ ಪದರಗಳು ದೊರೆತುವು. ೨೦೦೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮಿನೌರಾ ಮೊದಲಾದವರು ಇಂತಹ ಉಕ್ಕುಗಳು ಸುಮಾರು ೮೦೦ರಿಂದ ೧,೧೦೦ ವರ್ಷಗಳಿಗೊಮ್ಮೆ ಬಂದಿವೆಯೆಂದೂ, ಜೋಗಾನ್ ಕಾಲದಿಂದ ಈಚೆಗೆ ೧,೧೦೦ ವರ್ಷಗಳು ಕಳೆದಿರುವುದರಿಂದ ಮತ್ತೊಂದು ಬರುವ ಸಂಭವವು ಹೆಚ್ಚೆಂದೂ ಬರೆದರು. ಸರ್ಕಾರದ ಭೂಕಂಪ ಸಂಶೋಧನಾ ಮಂಡಲಿಯು ಈ ಬಗೆಯ ಭೂಕಂಪವನ್ನು ತನ್ನ ಅಂದಾಜಿಗೆ ಸೇರಿಸಿ ವರದಿಯನ್ನು ೨೦೧೧ರ ವಸಂತದಲ್ಲಿ ಪ್ರಕಟಿಸುವ ಸಿದ್ಧತೆಯಲ್ಲಿದ್ದಿತು.

೬

ವರದಿಗಿಂತ ಮೊದಲು ಸಮುದ್ರವೇ ಬಂದಿತು. ೨೦೧೧ರ ಮಾರ್ಚ್ ೧೧ರಂದು ಮಧ್ಯಾಹ್ನ ೨ ಗಂಟೆ ೪೬ ನಿಮಿಷಕ್ಕೆ ೯.೦ ಪ್ರಮಾಣದ ಭೂಕಂಪವಾಯಿತು. ಸುಮಾರು ೭೦ ನಿಮಿಷಗಳ ತರುವಾಯ ಸುನಾಮಿಯು ನಿಲ್ದಾಣವನ್ನು ಮುಟ್ಟಿತು. ತೀರದ ಪೈನ್ ಮರಗಳು, ಮನೆಗಳ ಭಾಗಗಳು, ಮೋಟಾರು ಗಾಡಿಗಳು, ಚಿಕ್ಕ ವಿಮಾನಗಳು ಎಲ್ಲವೂ ಕೆಸರಿನೊಡನೆ ರನ್‌ವೇಗಳ ಮೇಲೆ ತೇಲಿ ಬಂದುವು. ಪ್ರಯಾಣಿಕರ ಕಟ್ಟಡದ ನೆಲಅಂತಸ್ತಿನಲ್ಲಿ ನೀರು ಸುಮಾರು ೩ ಮೀಟರ್ ಏರಿತು. ವಿದ್ಯುತ್ತಿನ ಯಂತ್ರಗಳು ಕೆಟ್ಟುಹೋದುವು. ರೈಲಿನ ಸುರಂಗವು ಜಲಮಯವಾಯಿತು.

ಈ ದಿನದ ವೃತ್ತಾಂತದಲ್ಲಿ ನಿಲ್ದಾಣಕ್ಕೆ ಎರಡು ಬಗೆಯ ಪಾತ್ರವಿದೆ. ತಗ್ಗಿನ ನೆಲದಲ್ಲಿದ್ದುದರಿಂದ ಅದು ಮುಳುಗಿತು. ಆದರೆ ಸುತ್ತಲಿನ ಬಯಲಿನಲ್ಲಿ ಎತ್ತರವಾದ ಕಟ್ಟಡವು ಅದೊಂದೇ ಎನ್ನುವಂತಿದ್ದುದರಿಂದ ಅದೇ ಆಶ್ರಯವೂ ಆಯಿತು. ಪ್ರಯಾಣಿಕರು, ನೌಕರರು, ಹತ್ತಿರದ ಹಳ್ಳಿಗಳ ನಿವಾಸಿಗಳು ಕೂಡಿ ಸುಮಾರು ೧,೭೦೦ ಮಂದಿ ಮೇಲಿನ ಅಂತಸ್ತುಗಳನ್ನೇರಿ ಜೀವವನ್ನುಳಿಸಿಕೊಂಡು ಆ ಚಳಿಯ ರಾತ್ರಿಯನ್ನು ಅಲ್ಲಿಯೇ ಕಳೆದರು. ನಿಲ್ದಾಣದ ಉತ್ತರಕ್ಕೆ ನತೋರಿ ನದಿಯ ಮುಖದಲ್ಲಿರುವ ಯುರಿಯಾಗೆ ಎಂಬ ಮೀನುಗಾರರ ಊರಿಗೆ ಅಂತಹ ಆಶ್ರಯವಿರಲಿಲ್ಲ. ನತೋರಿ ಪಟ್ಟಣದ ಎಲ್ಲೆಯೊಳಗೆ ಸತ್ತವರು ೯೦೦ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಯುರಿಯಾಗೆಯವರು. ಆ ಊರಿನ ಚಿಕ್ಕ ದಿಬ್ಬದ ಮೇಲೆ, ೧೯೩೩ರ ಸುನಾಮಿಯ ತರುವಾಯ ನೆಡಲಾದ ಶಿಲಾಶಾಸನವೊಂದು ಭೂಕಂಪವಾದರೆ ಸುನಾಮಿಯ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಬೋಧಿಸುತ್ತಿದ್ದಿತು. ಉತ್ತರದ ಕಡಿದಾದ ತೀರಗಳಿಗೆ ಸುನಾಮಿಯು ಬರುವುದುಂಟು, ಸೆಂಡೈ ಬಯಲಿಗೆ ಬರುವುದಿಲ್ಲವೆಂಬ ನಂಬಿಕೆಯು ಅಲ್ಲಿಯ ಜನರಲ್ಲಿ ಬಲವಾಗಿದ್ದಿತು. ಅಂದು ಆ ಶಾಸನದ ಕಲ್ಲೂ ಉರುಳಿಬಿದ್ದಿತು.

ಬಯಲಿನಲ್ಲಿ ನೀರು ಕೆಲವೆಡೆ ಸುಮಾರು ೫ ಕಿಲೋಮೀಟರ್ ಒಳಗೆ ನುಗ್ಗಿತು. ಆದರೆ ನಮಿವಾಕೆ ದೇಗುಲವನ್ನು ಅದು ಮುಟ್ಟಲಿಲ್ಲ. ಆ ದೇಗುಲಕ್ಕೆ ಸಮೀಪದಲ್ಲಿರುವ ಕಸುಮಿನೊಮೆ ಎಂಬ ಸೇನೆಯ ವಿಮಾನತಾಣವೂ ಉಳಿದುಕೊಂಡು, ರಕ್ಷಣೆಗೆ ಹೊರಟ ಹೆಲಿಕಾಪ್ಟರುಗಳಿಗೆ ಆಧಾರವಾಯಿತು. ತಗಾಜೋವಿನಲ್ಲಿ ಸುತ್ತಲಿನ ತಗ್ಗುಗಳು ಮುಳುಗಿದರೂ ಸುಯೆನೊ ಮತ್ಸುಯಾಮಾ ದಿಬ್ಬವನ್ನು ಅಲೆಗಳು ದಾಟಲಿಲ್ಲ. ಸ್ಥಳನಾಮವೂ ಕವಿಸಮಯವೂ ಹೇಳಿದ್ದ ಎಲ್ಲೆಗಳು ಒಂದೇ ದಿನದಲ್ಲಿ ಪರೀಕ್ಷಿತವಾಗಿ ನಿಜವೆಂದು ಕಂಡುವು.

ಇಲ್ಲಿ ಮತ್ತೊಂದು ಸಂಗತಿಯನ್ನೂ ಹೇಳುವುದು ನ್ಯಾಯ. ಭೂಕಂಪದಲ್ಲಿ ನೀರು ತುಂಬಿದ ಮರಳುನೆಲವು ಸಡಿಲಗೊಂಡು ಕುಸಿಯುವುದುಂಟು. ಅದನ್ನು ತಡೆಯಲು ಮುಖ್ಯ ರನ್‌ವೇಯ ಕೆಲವು ಭಾಗಗಳ ನೆಲವನ್ನು ಸರ್ಕಾರದವರು ಮೊದಲೇ ಗಟ್ಟಿಮಾಡಿಸಿದ್ದರು. ಆ ಭಾಗಗಳು ನಿಂತುವು. ಹಾಗೆ ಮಾಡದಿದ್ದ ಕಡೆಗಳಲ್ಲಿ ನೆಲವು ತಗ್ಗಿತು. ಆದುದರಿಂದ ನಿರ್ಮಾಪಕರು ಅಜಾಗರೂಕರಾಗಿದ್ದರೆಂದು ಹೇಳಲಾಗದು. ಅವರು ನಂಬಿದ್ದ ಅಪಾಯಕ್ಕೆ ತಕ್ಕ ಪ್ರತೀಕಾರವನ್ನು ಮಾಡಿದ್ದರು; ನಂಬದಿದ್ದ ಅಪಾಯಕ್ಕೆ ಮಾಡಿರಲಿಲ್ಲ.

೭

ಜೀರ್ಣೋದ್ಧಾರವು ತ್ವರಿತವಾಗಿ ನಡೆಯಿತು. ಜಪಾನೀ ಕೆಲಸಗಾರರೂ ಸೈನಿಕರೂ ಅಮೆರಿಕದ ಸೈನಿಕರೂ ಕೂಡಿ ಕೆಸರನ್ನೂ ಗಾಡಿಗಳ ರಾಶಿಯನ್ನೂ ತೆಗೆದುಹಾಕಿದರು. ಯಂತ್ರಗಳಿಂದ ನೀರನ್ನು ಎತ್ತಿ ಹೊರಹಾಕಲಾಯಿತು. ಮಾರ್ಚ್ ೧೬ರಂದು, ಎಂದರೆ ಐದು ದಿನಗಳಲ್ಲಿ, ರನ್‌ವೇಯ ಒಂದು ಭಾಗದ ಮೇಲೆ ಅಮೆರಿಕದ ಸೇನೆಯ ವಿಮಾನವು ಇಳಿಯಿತು. ತರುವಾಯ ಅನ್ನ, ನೀರು, ಔಷಧಗಳು ಈ ದಾರಿಯಲ್ಲಿ ಬಂದುವು. ಏಪ್ರಿಲ್ ೧೩ರಂದು ನಾಗರಿಕ ವಿಮಾನಗಳು ಮತ್ತೆ ಬಂದುವು. ಆಗ ಶಿಂಕಾನ್‌ಸೆನ್ ದಾರಿಯು ಕೆಟ್ಟು ನಿಂತಿದ್ದುದರಿಂದ, ಹಿಂದೆ ರೈಲಿನ ಪೈಪೋಟಿಯಿಂದ ನಿಂತುಹೋಗಿದ್ದ ಟೋಕಿಯೋ ಸೆಂಡೈ ವಿಮಾನಸಂಚಾರವನ್ನೇ ತಾತ್ಕಾಲಿಕವಾಗಿ ಏರ್ಪಡಿಸಬೇಕಾಯಿತು. ಪ್ರಯಾಣಿಕರ ಕಟ್ಟಡವು ಸೆಪ್ಟೆಂಬರ್ ೨೫ರಂದು ಪೂರ್ಣವಾಗಿ ತೆರೆಯಲ್ಪಟ್ಟಿತು. ರೈಲುದಾರಿಯು ಅಕ್ಟೋಬರ್ ೧ರಂದು ಸರಿಹೋಯಿತು.

ನಿಲ್ದಾಣದ ಆಡಳಿತದಲ್ಲಿಯೂ ಮಾರ್ಪಾಡಾಯಿತು. ೨೦೧೩ರಲ್ಲಿ ಆದ ಕಾನೂನಿಗೆ ಅನುಸಾರವಾಗಿ, ನೆಲದ ಒಡೆತನವನ್ನು ಸರ್ಕಾರವೇ ಇಟ್ಟುಕೊಂಡು, ನಿಲ್ದಾಣವನ್ನು ನಡೆಸುವ ಹಕ್ಕನ್ನು ೨೦೧೬ರ ಜುಲೈ ೧ರಿಂದ ಟೋಕ್ಯೂ ಸಂಸ್ಥೆಯು ಪ್ರಮುಖವಾಗಿದ್ದ ಕಂಪೆನಿಗಳ ಕೂಟಕ್ಕೆ ೩೦ ವರ್ಷಗಳ ಅವಧಿಗೆ ವಹಿಸಲಾಯಿತು. ಸರ್ಕಾರವು ನಡೆಸುತ್ತಿದ್ದ ನಿಲ್ದಾಣಗಳಲ್ಲಿ ಈ ಕ್ರಮಕ್ಕೆ ಒಳಪಟ್ಟುದು ಇದೇ ಮೊದಲನೆಯದು. ೨೦೧೮ರ ಆರ್ಥಿಕ ವರ್ಷದಲ್ಲಿ ಪ್ರಯಾಣಿಕರ ಸಂಖ್ಯೆಯು ೩೫ ಲಕ್ಷವನ್ನು ಮೀರಿ, ಸುನಾಮಿಗೆ ಹಿಂದಿನ ಯಾವ ವರ್ಷದ ಸಂಖ್ಯೆಗಿಂತಲೂ ಹೆಚ್ಚಾಯಿತು.

ನಿಲ್ದಾಣದ ಪೂರ್ವಕ್ಕೆ, ಸಮುದ್ರವು ಅಳಿಸಿಹಾಕಿದ ಹಳ್ಳಿಗಳ ನೆಲದಲ್ಲಿ, ಇವನುಮಾದ ಜನರು ಸುಮಾರು ೧೦ ಮೀಟರ್ ಎತ್ತರದ ದಿಬ್ಬಗಳ ಸಾಲನ್ನು ನಿರ್ಮಿಸಿದ್ದಾರೆ. ಅಪಘಾತದಲ್ಲಿ ಉಳಿದ ಕಲ್ಲುಮಣ್ಣುಗಳನ್ನೇ ಒಡಲಲ್ಲಿ ತುಂಬಿ ಮೇಲೆ ಮರಗಳನ್ನು ನೆಟ್ಟಿರುವ ಇವು ಅಲೆಯ ವೇಗವನ್ನು ಕುಗ್ಗಿಸುವುದಕ್ಕೂ, ಜನರು ಏರಿ ನಿಲ್ಲುವುದಕ್ಕೂ ಉದ್ದಿಷ್ಟವಾದುವು. ಇವುಗಳಿಗೆ ‘ಸಾವಿರ ವರ್ಷಗಳ ಭರವಸೆಯ ದಿಬ್ಬಗಳು’ ಎಂದು ಹೆಸರಿಟ್ಟಿದ್ದಾರೆ.

೮

ಮೇಲೆ ನಿರೂಪಿಸಿದ ಸಂಗತಿಗಳಿಂದ ಒಂದು ನಿರ್ಣಯವು ಸಿದ್ಧವಾಗುತ್ತದೆ. ಸೆಂಡೈ ಬಯಲಿನ ಅಪಾಯವು ಅಜ್ಞಾತವಾಗಿರಲಿಲ್ಲ. ರಾಜಚರಿತ್ರೆಯಲ್ಲಿ ಅದನ್ನು ಬರೆದಿಟ್ಟಿದ್ದರು. ಕವಿಗಳು ಅದನ್ನು ಬಳಸಿದ್ದರು. ದೇಗುಲದ ಹೆಸರು ಅದನ್ನು ಉಚ್ಚರಿಸುತ್ತಿದ್ದಿತು. ೧೯೦೬ರಲ್ಲಿ ಒಬ್ಬ ಪಂಡಿತರು ಅದನ್ನು ವಿಮರ್ಶೆಗೆ ತಂದಿದ್ದರು. ಆದರೆ ಚರಿತ್ರಕಾರನ ಮಾತು ಉತ್ಪ್ರೇಕ್ಷೆಯೆಂದೂ, ಕವಿಯ ಮಾತು ಅಲಂಕಾರವೆಂದೂ, ಹಳ್ಳಿಗರ ಮಾತು ಐತಿಹ್ಯವೆಂದೂ ಬೇರೆ ಬೇರೆ ಕಪಾಟುಗಳಲ್ಲಿ ಇಡಲ್ಪಟ್ಟಿದ್ದುವು. ಅವು ಒಂದಕ್ಕೊಂದು ಸಾಕ್ಷಿಯಾಗಬಹುದೆಂದು ನೋಡಿದವರು ವಿರಳ. ನೋಡಿದವರ ಮಾತಿಗೆ ಮರಳಿನ ಪದರವು ಸಿಕ್ಕುವವರೆಗೆ ಬೆಲೆ ಬರಲಿಲ್ಲ. ಬೆಲೆ ಬಂದ ಮೇಲೆ ಉಳಿದ ಅವಧಿ ಹತ್ತು ವರ್ಷಗಳು ಮಾತ್ರ.

ಪ್ರಾಚೀನ ಲೇಖಕರು ಹೇಳಿದುದೆಲ್ಲವೂ ಯಥಾರ್ಥವೆಂದು ಇದರಿಂದ ತಿಳಿಯಬೇಕಾಗಿಲ್ಲ. ಜೋಗಾನ್ ವೃತ್ತಾಂತದಲ್ಲಿಯೇ ಅಳತೆಗೆ ಒಗ್ಗದ ಪದಗಳುಂಟು. ಆದರೆ ಅತಿಶಯೋಕ್ತಿಯೆಂಬುದು ಪರೀಕ್ಷೆಯ ಬಳಿಕ ಬರಬೇಕಾದ ನಿರ್ಣಯವೇ ಹೊರತು, ಪರೀಕ್ಷೆಯನ್ನು ತಪ್ಪಿಸುವುದಕ್ಕೆ ಕೊಡುವ ಹೆಸರಲ್ಲ. ಹಳೆಯ ಗ್ರಂಥಗಳ ಪಾಠವನ್ನು ಶೋಧಿಸುವವರು ಪ್ರವಾಹ, ಕ್ಷಾಮ, ಭೂಕಂಪಗಳ ಉಲ್ಲೇಖಗಳು ಕಂಡಾಗ ಅವುಗಳ ಕಾಲವನ್ನೂ ಸ್ಥಳವನ್ನೂ ನಿಷ್ಕರ್ಷಿಸಿ, ನೆಲವನ್ನು ಪರೀಕ್ಷಿಸುವವರಿಗೂ ಕಟ್ಟಡಗಳನ್ನು ಕಟ್ಟುವವರಿಗೂ ತಿಳಿಯುವ ಭಾಷೆಯಲ್ಲಿ ಒಪ್ಪಿಸುವುದು ಅವರ ಕರ್ತವ್ಯದ ಭಾಗವೆಂದು ಎಣಿಸತಕ್ಕದ್ದು. ಸೆಂಡೈಯಲ್ಲಿ ಈ ಕೆಲಸವು ೧೯೦೬ರಲ್ಲಿ ಆರಂಭವಾಗಿ ೨೦೧೧ರವರೆಗೂ ಪೂರ್ತಿಯಾಗಲಿಲ್ಲ.